ಎಂಟೂವರೆಗೆ ಬರುವ ಮಗಳು

ಅಮ್ಮ ತೀರಿಕೊಂಡ ಹತ್ತೊಂಬತ್ತನೇ ದಿನ, ಒಂದು ಸೋಮವಾರ ಸಂಜೆ, ಕತ್ತರಿ ಅಕ್ಕ ಪತ್ರಿಕೆಯ ಕೋಣೆಗೆ ವಾಪಸಾದಳು. ಯಾರೂ ಬಾ ಎಂದು ಕರೆದಿರಲಿಲ್ಲ, ಬರಬೇಡ ಎಂದೂ ಹೇಳಿರಲಿಲ್ಲ. ವಿಮಾ ಕಚೇರಿಯಲ್ಲಿ ಕೆಲಸ ಮುಗಿದ ಮೇಲೆ ಕಾಲು ತಾನಾಗಿಯೇ ಇತ್ತ ತಿರುಗಿತು, ಅಷ್ಟೇ.

ಕತ್ತರಿ ಎನ್ನುವುದು ಮೇಷ್ಟ್ರು ಇಟ್ಟ ಅಡ್ಡಹೆಸರು. ಮೇಷ್ಟ್ರೆಂದರೆ ಪತ್ರಿಕೆಯ ಸಂಪಾದಕರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದವರು. ಹನ್ನೊಂದು ವರ್ಷದ ಹಿಂದೆ ಊರಿನ ದೊಡ್ಡ ಮನುಷ್ಯರೊಬ್ಬರು ಇಪ್ಪತ್ತೆರಡು ಪುಟದ ಕಥೆ ಕಳಿಸಿದ್ದರು. ಇವಳು ಅದನ್ನು ಒಂಬತ್ತು ಪುಟಕ್ಕೆ ಇಳಿಸಿ, "ಕಥೆ ಇದ್ದದ್ದು ಇಷ್ಟೇ ಮೇಷ್ಟ್ರೇ, ಮಿಕ್ಕಿದ್ದೆಲ್ಲ ಗಂಟಲು ಸರಿಮಾಡ್ಕೊಂಡಿದ್ದು" ಎಂದಿದ್ದಳು. ದೊಡ್ಡ ಮನುಷ್ಯರು ಮುನಿಸಿಕೊಂಡು ಪತ್ರಿಕೆ ತರಿಸುವುದನ್ನೇ ಬಿಟ್ಟರು. ಇವಳಿಗೆ ಹೆಸರು ಅಂಟಿಕೊಂಡಿತು.

ಪತ್ರಿಕೆ ಮೂರು ತಿಂಗಳಿಗೊಮ್ಮೆ ಬರುತ್ತದೆ. ಕಥೆ ಮತ್ತು ಕವಿತೆ, ಬೇರೇನೂ ಇಲ್ಲ. ನಾನೂರು ಪ್ರತಿ ಅಚ್ಚಾಗುತ್ತದೆ, ಮುನ್ನೂರ ಚಿಲ್ಲರೆ ಅಂಚೆಗೆ ಹೋಗುತ್ತದೆ, ಉಳಿದದ್ದು ಕೋಣೆಯಲ್ಲೇ ಗೋಡೆಗೆ ಒರಗಿ ಕೂರುತ್ತದೆ. ಕೋಣೆಯಿರುವುದು ಕನ್ನಡಕದ ಅಂಗಡಿಯ ಮೇಲೆ. ಆ ಅಂಗಡಿಯವರೇ ಪತ್ರಿಕೆಗೆ ಕವಿತೆ ಆರಿಸುವವರು. ಎಲ್ಲರ ಬಾಯಲ್ಲೂ ಅವರು ಕನ್ನಡಕದಣ್ಣ. ಗಿರಾಕಿಗಳಿಲ್ಲದ ಹೊತ್ತು ಗಾಜಿನ ಕಪಾಟಿನ ಹಿಂದೆ ಕೂತು ಕವಿತೆ ಓದುತ್ತಾರೆ. ಅರ್ಥವಾಗದಿದ್ದರೆ ಒಂದು ಲೆನ್ಸು ತೆಗೆದು ಇನ್ನೊಂದು ಹಾಕಿ ನೋಡುತ್ತಾರೆ. "ಮೈನಸ್ ಮೂರರಲ್ಲೂ ಏನೂ ಕಾಣಿಸಲಿಲ್ಲಪ್ಪ" ಎಂದರೆ ಆ ಕವಿತೆ ವಾಪಸ್ ಹೋಯಿತೆಂದೇ ಅರ್ಥ.

ಅವಳು ಮೆಟ್ಟಿಲು ಹತ್ತಿ ಒಳಗೆ ಬಂದಾಗ ಮೇಷ್ಟ್ರು ಎದ್ದು ನಿಂತರು. ಆಮೇಲೆ ಯಾಕೆ ನಿಂತೆ ಎಂದು ತಮಗೇ ಹೊಳೆಯದೆ ಕೂತರು.

"ಬಂದ್ಯಾ ತಾಯಿ," ಎಂದರು. "ಇನ್ನೂ ನಾಲ್ಕು ದಿನ ಬಿಟ್ಟು ಬರಬಹುದಿತ್ತು."

"ನಾಲ್ಕು ದಿನ ಬಿಟ್ಟು ಬಂದ್ರೆ ನಾಲ್ಕು ದಿನದ ಕೆಲಸ ಜಾಸ್ತಿ ಇರುತ್ತೆ ಮೇಷ್ಟ್ರೇ."

ಕನ್ನಡಕದಣ್ಣ ಮೂರು ಲೋಟ ಚಹಾ ಹಿಡಿದು ಮೇಲೆ ಬಂದರು. ಸಕ್ಕರೆ ಹಾಕುವುದನ್ನು ಮರೆತಿದ್ದರು. ಮೇಷ್ಟ್ರು ಒಂದು ಗುಟುಕು ಕುಡಿದು ಮುಖ ಕಿವುಚಿದರು, ಆದರೆ ಆ ಹೊತ್ತಿನಲ್ಲಿ ಸಕ್ಕರೆ ಕೇಳುವುದು ಸರಿಯಲ್ಲವೆಂದು ಸುಮ್ಮನಾದರು. ಅವಳು ಲೋಟ ಖಾಲಿ ಮಾಡಿದಳು. ಸಕ್ಕರೆ ಇಲ್ಲವೆಂಬುದು ಅವಳಿಗೆ ಗೊತ್ತೇ ಆಗಲಿಲ್ಲ.

ಹಾಗಾಗಿತ್ತು ಅವಳ ಸ್ಥಿತಿ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ತುಟಿ ಇರುತ್ತದಲ್ಲ, ಮುಟ್ಟಿದರೆ ನಮ್ಮದೇ, ಆದರೆ ನಮ್ಮದಲ್ಲ, ಹಾಗೆ. ಕಚೇರಿಯಲ್ಲಿದ್ದಾಗ ಫೋನು ಬಂದಿತ್ತು. "ಅಜ್ಜಿ ಹೋಗ್ಬಿಟ್ರು ಮೇಡಂ" ಎಂದಿದ್ದಳು ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್. ಇವಳು "ಸರಿ, ಬಂದೆ" ಎಂದು, ಕೈಯಲ್ಲಿದ್ದ ಅರ್ಜಿಗೆ ಸೀಲು ಹೊಡೆದು, ದಿನಾಂಕ ಹಾಕಿ, ಅದನ್ನು ಫೈಲಿಗೆ ಸೇರಿಸಿ ಎದ್ದಿದ್ದಳು. ಬೇರೆ ಊರಿನಿಂದ ಬಂದ ತಮ್ಮ ಬಾಗಿಲಲ್ಲೇ ಕುಸಿದು ಕೂತು ಹೋ ಎಂದು ಅತ್ತ. ಅವನ ಬೆನ್ನು ಸವರಿದ್ದೂ ನೀರು ಕೊಟ್ಟಿದ್ದೂ ಇವಳೇ. ಚಿಕ್ಕಮ್ಮ ಇನ್ನೊಬ್ಬರ ಕಿವಿಯಲ್ಲಿ "ಇವಳ ಕಣ್ಣಲ್ಲಿ ಒಂದು ಹನಿ ಇಲ್ಲ ನೋಡು" ಎಂದದ್ದು ಇವಳಿಗೂ ಕೇಳಿಸಿತ್ತು. ಹೌದಲ್ಲ ಎಂದುಕೊಂಡಿದ್ದಳು.

ಪತ್ರಿಕೆಯ ಮೇಜೆಂದರೆ ಹಳೆಯ ಬಾಗಿಲೊಂದನ್ನು ಮಲಗಿಸಿ ಕಾಲು ಕೊಟ್ಟದ್ದು. ಹಿಡಿ ಕಿತ್ತ ತೂತಿನಲ್ಲಿ ಕೆಂಪು ಪೆನ್ನು ನಿಲ್ಲಿಸುತ್ತಾರೆ. ಅದರ ಮೇಲೆ ಮೂರು ತಗಡಿನ ತಟ್ಟೆಗಳು: "ಹೌದು", "ಇಲ್ಲ", "ನೋಡೋಣ". ಹೌದಿನಲ್ಲಿ ಯಾವಾಗಲೂ ಎರಡು ಮೂರು ಕಾಗದ, ನೋಡೋಣದಲ್ಲಿ ಗುಡ್ಡ. ಯಾರ ಮನಸ್ಸೂ ನೋಯಿಸಲಾರದ ಮೇಷ್ಟ್ರು ಎಲ್ಲವನ್ನೂ ಅಲ್ಲಿಗೆ ಹಾಕುತ್ತಾರೆ. ಆ ಗುಡ್ಡ ಕರಗಿಸುವುದು ಅವಳ ಕೆಲಸ.

ಆ ವಾರವಿಡೀ ಓದಿದಳು. ಕೆಂಪು ಪೆನ್ನು ಎಂದಿಗಿಂತ ಚುರುಕಾಗಿತ್ತು. ಹಿಂದೆ ಒಂದು ವಾಕ್ಯ ಹೊಡೆಯುವ ಮೊದಲು ಎರಡು ಸಲ ಯೋಚಿಸುತ್ತಿದ್ದಳು, ಬರೆದವರಿಗೆ ಎಷ್ಟು ಪ್ರೀತಿಯದೋ ಏನೋ ಎಂದು. ಈಗ ಹಾಗೇನೂ ಅನ್ನಿಸುತ್ತಿರಲಿಲ್ಲ. ಗೆರೆ ಎಳೆಯುವುದು, ಮುಂದಿನ ಸಾಲು. ಸತ್ತ ತಾಯಿಯ ಕಥೆ ಮೂರು ಇದ್ದವು. ಮೂರನ್ನೂ "ಇಲ್ಲ"ಕ್ಕೆ ಹಾಕಿದಳು. ನಿಜವಾಗಿಯೂ ಚೆನ್ನಾಗಿರಲಿಲ್ಲ.

ಶುಕ್ರವಾರ ಗುಡ್ಡದ ಅಡಿಯಿಂದ ಒಂದು ಕೈಬರಹದ ಕಥೆ ಸಿಕ್ಕಿತು. ಗೆರೆ ಹಾಕಿದ ಉದ್ದ ಪುಸ್ತಕದಿಂದ ಹರಿದ ಹಾಳೆಗಳು, ಗುಂಡಗಿನ ಅಕ್ಷರ, ತಲೆಬರಹ "ಅಜ್ಜಿಯ ನಿದ್ದೆ". ಕೆಳಗೆ ಒಬ್ಬ ಹೆಂಗಸಿನ ಹೆಸರು, ಒಂದು ಫೋನ್ ನಂಬರು. ಯಾರೋ ಹೊಸಬರು. "ದಿನ" ಎನ್ನುವಲ್ಲೆಲ್ಲ "ಧಿನ" ಎಂದು ಬರೆದಿದ್ದರು. ಅವಳು ಮೊದಲ ಪುಟದಲ್ಲಿ ನಾಲ್ಕು ಕಡೆ ಆ ಧಕಾರದ ಹೊಟ್ಟೆಯ ಸೀಳನ್ನು ಮುಚ್ಚುತ್ತ ಓದಿದಳು.

ಕಥೆಯಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿ. ಅವಳನ್ನು ಬೆಳಗಿನಿಂದ ಎಂಟೂವರೆಯ ತನಕ ನೋಡಿಕೊಳ್ಳಲು ಒಬ್ಬ ದಾದಿ. ಮಗಳು ಕೆಲಸಕ್ಕೆ ಹೋಗುವವಳು, ಬರುವುದು ಎಂಟೂವರೆಗೆ. ಮುದುಕಿಗೆ ಮಾತೆಂದರೆ ಮಾತು. ದಾದಿಯ ಗಂಡನ ವಿಷಯ, ಪಕ್ಕದ ಮನೆಯ ಜಗಳದ ವಿಷಯ, ಎಲ್ಲ ಬೇಕು. ಎಂಟೂವರೆಗೆ ಗೇಟಿನ ಕೊಕ್ಕೆ ಸದ್ದಾದರೆ ಸಾಕು, ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಬಿಡುತ್ತಾಳೆ. ಮಗಳು ಬಾಗಿಲಲ್ಲಿ ನಿಂತು "ಮಲಗಿದ್ರಾ?" ಎನ್ನುತ್ತಾಳೆ. ದಾದಿ "ಈಗಷ್ಟೇ" ಎನ್ನುತ್ತಾಳೆ. ಮಗಳು ಒಂದು ಗಳಿಗೆ ನಿಂತು ತನ್ನ ಕೋಣೆಗೆ ಹೋಗುತ್ತಾಳೆ. ಮುದುಕಿ ಒಂದೇ ಕಣ್ಣು ತೆರೆದು, "ಹೋದ್ಲಾ?" ಎಂದು ಪಿಸುಗುಡುತ್ತಾಳೆ.

ಇಲ್ಲಿಯವರೆಗೂ ಕತ್ತರಿ ಅಕ್ಕನಿಗೆ ಏನೂ ಹೊಳೆದಿರಲಿಲ್ಲ. ಇಂಥ ಮುದುಕಿಯರು ಎಷ್ಟೋ ಮನೆಯಲ್ಲಿರುತ್ತಾರೆ. ಮೂರನೇ ಪುಟದಲ್ಲಿ ಮುದುಕಿ ದಾದಿಯ ಬಿಳಿ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಹೇಳುತ್ತಾಳೆ: "ನಾಲ್ಕು ಬೆರಳು ಮಡಿಸಿದಾನೆ, ಎರಡು ಸಾಕಿತ್ತು. ಬಟ್ಟೆ ದಂಡ. ಯಾವ ದಡ್ಡ ಹೊಲಿದ ಇದನ್ನ? ಬಿಚ್ಚು, ನಾನು ಹೇಳಿಕೊಡ್ತೀನಿ."

ಅಮ್ಮ ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ಮನೆಗೆ ಯಾರು ಬಂದರೂ ಮುಖ ನೋಡುವ ಮೊದಲು ಅಂಚು ನೋಡುತ್ತಿದ್ದಳು. "ಬಟ್ಟೆ ದಂಡ" ಎನ್ನುವುದು ಅವಳದೇ ಮಾತು.

ಕತ್ತರಿ ಅಕ್ಕ ಕೊನೆಯ ಪುಟ ತಿರುಗಿಸಿ ಹೆಸರನ್ನು ಇನ್ನೊಮ್ಮೆ ಓದಿದಳು. ಈ ಹೆಂಗಸು ತನ್ನ ಮನೆಯಲ್ಲಿ ಹನ್ನೊಂದು ತಿಂಗಳು ಇದ್ದಳು. ಏಜೆನ್ಸಿಯವರು ಕಳಿಸಿದ್ದರು, ಇವಳು ಮೊದಲ ದಿನದಿಂದ ಕೊನೆಯ ದಿನದವರೆಗೆ "ಸಿಸ್ಟರ್" ಎಂದೇ ಕರೆದಿದ್ದಳು. ಹೆಸರು ಏನೆಂದು ಒಮ್ಮೆಯೂ ಕೇಳಿರಲಿಲ್ಲ.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಮುಂದಿನ ಸಾಲಿನಲ್ಲಿ ಇನ್ನೊಂದು "ಧಿನ" ಇತ್ತು, ತಿದ್ದಿದಳು. ಕೊನೆಯವರೆಗೆ ಓದಿದಳು. ಕೊನೆಯಲ್ಲಿ ಮಗಳು ಎಂಟೂವರೆಗೆ ಬರುವ ಹೊತ್ತಿಗೆ ಮುದುಕಿ ಪ್ರಾಣ ಬಿಟ್ಟಿರುತ್ತಾಳೆ. ದಾದಿ ಅಭ್ಯಾಸಬಲದಿಂದ "ಈಗಷ್ಟೇ ಮಲಗಿದ್ರು" ಎನ್ನುತ್ತಾಳೆ. ಮಗಳು ಓಡಿ ಬಂದು ತಾಯಿಯ ಎದೆಯ ಮೇಲೆ ಬಿದ್ದು, ಹಾಸಿಗೆ ತೋಯುವಂತೆ ಅಳುತ್ತಾಳೆ. ಅರ್ಧ ಪುಟ ಬರೀ ಅಳು.

ಅವಳು ಕಥೆಯನ್ನು ಮತ್ತೆ "ನೋಡೋಣ"ದಲ್ಲಿಟ್ಟಳು.

ಶನಿವಾರ ಮೂವರೂ ಸೇರುವ ದಿನ. ಮೇಷ್ಟ್ರು ಆ ಕಥೆಯನ್ನು ಮೊದಲೇ ಓದಿ ಮೆಚ್ಚಿದ್ದರು. ಆದರೆ ಸಾವಿನ ಕಥೆ, ಇವಳ ಮುಂದೆ ತೆಗೆಯುವುದು ಹ್ಯಾಗೆಂದು ಗುಡ್ಡದ ಅಡಿಗೆ ತಳ್ಳಿದ್ದರಂತೆ. ಈಗ ಅವಳೇ ಅದನ್ನು ಎತ್ತಿ ಮೇಜಿನ ನಡುವೆ ಇಟ್ಟಾಗ ಅವರಿಗೆ ಸಮಾಧಾನವಾಯಿತು.

"ಹುಡುಗಿಗೆ ಬರೆಯೋ ಕೈ ಇದೆ," ಎಂದರು. "ಕಾಗುಣಿತ ಕೆಟ್ಟದ್ದು, ಆದ್ರೆ ಕಿವಿ ಚೆನ್ನಾಗಿದೆ. ಆ ಕೊನೆ ಓದಿ ನನ್ನ ಕಣ್ಣಲ್ಲಿ ನೀರು ಬಂತಮ್ಮ."

"ಕೊನೆ ಸರಿಯಿಲ್ಲ," ಎಂದಳು ಅವಳು.

"ಯಾಕೆ?"

"ಆ ಮಗಳು ಅಳೋದಿಲ್ಲ."

"ಅದು ನಿನಗೆ ಹ್ಯಾಗೆ ಗೊತ್ತು?"

"ಆರು ಪುಟ ಬಾಗಿಲಲ್ಲೇ ನಿಂತವಳು, ಏಳನೇ ಪುಟದಲ್ಲಿ ಓಡಿ ಬಂದು ಮೇಲೆ ಬೀಳ್ತಾಳಾ? ಓಡೋಕೆ ಕಾಲು ಎಲ್ಲಿಂದ ಬಂತು?"

ಮೇಷ್ಟ್ರು ಕನ್ನಡಕದಣ್ಣನ ಮುಖ ನೋಡಿದರು. ಅವರು ಕಥೆಯ ತಂಟೆಗೆ ಹೋಗುವವರಲ್ಲ, ಆದರೂ ಹಾಳೆಗಳನ್ನು ಎಳೆದುಕೊಂಡು ಅಲ್ಲೇ ಓದಿದರು. ಕೆಳಗೆ ಅಂಗಡಿಯ ಗಂಟೆ ಎರಡು ಸಲ ಬಾರಿಸಿತು, ಕಿವಿಗೆ ಹಾಕಿಕೊಳ್ಳಲಿಲ್ಲ.

"ನನಗೆ ಅಳು ಬೇಕಾದ್ರೂ ಇರ್ಲಿ, ಹೋದ್ರೂ ಹೋಗ್ಲಿ," ಎಂದರು. "ನನಗೆ ಕಾಣಿಸದ್ದು ಬೇರೆ. ಆ ಮುದುಕಿ ಯಾಕೆ ಮಲಗಿದ ಹಾಗೆ ನಾಟಕ ಮಾಡ್ತಾಳೆ? ಎಲ್ಲೂ ಹೇಳಿಲ್ಲವಲ್ಲ."

"ಅದೇ ಕೇಳಬೇಕು," ಎಂದರು ಮೇಷ್ಟ್ರು. "ಕರೆಸೋಣ. ಮುಂದಿನ ಶನಿವಾರ."

ಹೊಸಬರ ಬರಹ ಹಾಕುವ ಮೊದಲು ಒಮ್ಮೆ ಕರೆಸಿ, ಎದುರು ಕೂರಿಸಿ ಮಾತಾಡುವುದು ಆ ಪತ್ರಿಕೆಯ ಪದ್ಧತಿ. ಫೋನು ಮಾಡಿದ್ದು ಮೇಷ್ಟ್ರೇ. ಕತ್ತರಿ ಅಕ್ಕ ಏನನ್ನೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಬಾಯಿ ತೆರೆಯುವಷ್ಟು ಅದು ದೊಡ್ಡದೆಂದು ಅನ್ನಿಸಲಿಲ್ಲ.

ಭಾನುವಾರ ಮಧ್ಯಾಹ್ನ ತಮ್ಮ ಫೋನು ಮಾಡಿದ. ಅಮ್ಮನ ಕೋಣೆಯ ಆಸ್ಪತ್ರೆ ಮಂಚವನ್ನು ಯಾರಿಗಾದರೂ ಕೊಟ್ಟುಬಿಡು, ನೋಡ್ತಾ ಇದ್ರೆ ನಿನಗೂ ಕಷ್ಟ ಅಲ್ವಾ ಎಂದ.

"ಕಷ್ಟ ಏನಿಲ್ಲ," ಎಂದಳು. "ಯಾರಾದ್ರೂ ಕೇಳಿದ್ರೆ ಕೊಡ್ತೀನಿ."

ಫೋನಿಟ್ಟು ಆ ಕೋಣೆಗೆ ಹೋದಳು. ಮಂಚ ಹಾಗೇ ಇತ್ತು, ತಲೆಯ ಕಡೆ ಸ್ವಲ್ಪ ಎತ್ತರಿಸಿ. ಗೋಡೆಯ ಪಕ್ಕ ಪತ್ರಿಕೆಯ ಹಳೆಯ ಸಂಚಿಕೆಗಳ ಸಾಲು, ಹನ್ನೊಂದು ವರ್ಷದ್ದು. ಜಾಗವಿಲ್ಲದೆ ಅಲ್ಲಿಟ್ಟದ್ದು. ಅಮ್ಮ ಅದನ್ನು ಎಂದೂ ಓದಿದ್ದು ಅವಳು ನೋಡಿರಲಿಲ್ಲ. "ನಿನ್ನ ರದ್ದಿ" ಎನ್ನುತ್ತಿದ್ದಳು. ಅವಳು ಚಪ್ಪಲಿ ಬಿಟ್ಟು ಮಂಚದ ಮೇಲೆ ಮಲಗಿದಳು, ಗೋಡೆಯ ಕಡೆ ತಿರುಗಿ. ಪಕ್ಕದ ಮನೆಯವರು ಯಾರೋ ಗೇಟು ತೆರೆದು ಮುಚ್ಚಿದರು. ಕೊಕ್ಕೆ ಕಳಚಿದ್ದು, ಸರಳು ನೆಲಕ್ಕೆ ಉಜ್ಜಿದ್ದು, ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟದ್ದು, ಬೀಗದ ಕೈಗೊಂಚಲು, ಒಂದು ಕೆಮ್ಮು, ಎಲ್ಲವೂ ಕಿವಿಯ ಪಕ್ಕದಲ್ಲೇ ಆದ ಹಾಗೆ ಕೇಳಿಸಿತು. ಗೇಟಿನಿಂದ ಒಳಗೆ ಬರುವಷ್ಟರಲ್ಲಿ ಮನುಷ್ಯರು ಇಷ್ಟೊಂದು ಸದ್ದು ಮಾಡುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಹಾಗೇ ನಿದ್ದೆ ಬಂತು. ಎದ್ದಾಗ ಐದು ಗಂಟೆ, ಕೆನ್ನೆಯ ಮೇಲೆ ದಿಂಬಿನ ಗೆರೆ. ಎದ್ದು ಬಟ್ಟೆ ಒಗೆದು ಹರವಿದಳು.

ಮುಂದಿನ ಶನಿವಾರ ನಾಲ್ಕು ಗಂಟೆಗೆ ಸಿಸ್ಟರ್ ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಬಿಳಿ ಅಂಗಿಯ ಮೇಲೆ ಬೂದು ಸ್ವೆಟರ್, ಕೈಯಲ್ಲಿ ಊಟದ ಡಬ್ಬಿಯ ಚೀಲ. ಯಾವುದೋ ಮನೆಯಿಂದ ಎರಡು ಗಂಟೆಯ ಬಿಡುವು ಕೇಳಿಕೊಂಡು ಬಂದಿದ್ದಳು. ಬಾಗಿಲಲ್ಲೇ ಕತ್ತರಿ ಅಕ್ಕನನ್ನು ನೋಡಿ ನಿಂತಳು.

"ಬನ್ನಿ ಸಿಸ್ಟರ್, ಕೂತ್ಕೊಳ್ಳಿ," ಎಂದಳು ಇವಳು, ಮನೆಯಲ್ಲಿ ಹೇಳುತ್ತಿದ್ದ ದನಿಯಲ್ಲೇ.

ಮೇಷ್ಟ್ರು "ಓ, ಪರಿಚಯ ಇದೆಯಾ?" ಎಂದರು.

"ಇದೆ," ಎಂದಳು. ಅಷ್ಟಕ್ಕೇ ಬಿಟ್ಟಳು.

ಮೇಷ್ಟ್ರು ಪಾಠ ಶುರು ಮಾಡಿದರು. ಕಥೆ ತಮಗೆ ಎಷ್ಟು ಹಿಡಿಸಿತೆಂದು ಹೇಳಿ, "ಧಿನ" ಎಂದು ಬರೆಯಬಾರದೆಂದು ಬಿಡಿಸಿ ಹೇಳಿ, ಕೊನೆಯ ವಿಷಯಕ್ಕೆ ಬಂದರು. "ಈ ಮಗಳು ಅಳೋದು ಸರಿಯಿಲ್ಲ ಅಂತ ನಮ್ಮ ಕತ್ತರಿ ವಾದ. ನೀವೇನಂತೀರಿ?"

ಸಿಸ್ಟರ್ ಚೀಲದ ಹಿಡಿಯನ್ನು ತಿರುಚಿದಳು. "ಕಥೆ ಅಂದ್ರೆ ಕೊನೇಲಿ ಯಾರಾದ್ರೂ ಅಳಬೇಕು ಅಂದ್ಕೊಂಡೆ ಸರ್. ನಿಮ್ಮ ಪತ್ರಿಕೇಲಿ ಬಂದಿರೋದ್ರಲ್ಲಿ ತುಂಬಾ ಕಥೇಲಿ ಅಳ್ತಾರೆ."

ಕನ್ನಡಕದಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. "ನಮ್ಮ ಪತ್ರಿಕೆ ಓದ್ತೀರಾ?"

"ಅಜ್ಜಿ ಓದಿಸೋರು. ದಿನಾ ಮಧ್ಯಾಹ್ನ ಒಂದು ಕಥೆ. ಹನ್ನೊಂದು ವರ್ಷದ್ದೂ ಓದಿ ಮುಗಿಸಿದ್ವಿ. ಚೆನ್ನಾಗಿಲ್ಲದೇ ಇದ್ರೆ, ಇದನ್ನ ಬಿಚ್ಚಿ ಮತ್ತೆ ಹೊಲೀಬೇಕಿತ್ತು ಅನ್ನೋರು."

ಕತ್ತರಿ ಅಕ್ಕ ಕೆಂಪು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು.

ಅಷ್ಟರಲ್ಲಿ ಕೆಳಗೆ ಗಂಟೆ ಬಾರಿಸಿತು. ಹಳೆಯ ಗಿರಾಕಿಯೊಬ್ಬರು ಮೊಮ್ಮಗನ ಮುರಿದ ಕನ್ನಡಕ ಹಿಡಿದು ಬಂದು ಕೂಗುತ್ತಿದ್ದರು. ಕನ್ನಡಕದಣ್ಣ ಇಳಿದು ಹೋದರು. ಮೇಷ್ಟ್ರು ಅವಳ ಮುಖ, ಸಿಸ್ಟರ್ ಮುಖ ಎರಡನ್ನೂ ನೋಡಿ, ತಮಗೂ ಕೆಳಗೆ ಏನೋ ಕೆಲಸ ನೆನಪಾದವರಂತೆ ಎದ್ದರು. "ಚಹಾ ಹೇಳಿ ಬರ್ತೀನಿ. ಸಕ್ಕರೆ ಹಾಕಿಸ್ತೀನಿ," ಎಂದು ಮೆಟ್ಟಿಲಿಳಿದರು.

ಇಬ್ಬರೇ ಉಳಿದರು.

"ಬೇಜಾರಾಯ್ತಾ ಮೇಡಂ?" ಎಂದಳು ಸಿಸ್ಟರ್. "ನಿಮಗೆ ಹೇಳದೆ ಕಳಿಸಿದ್ದು ತಪ್ಪು. ಹೇಳಿದ್ರೆ ನೀವು ಬೇಡ ಅಂತಿರ್ಲಿಲ್ಲ, ಗೊತ್ತು. ಆದ್ರೆ ಆಮೇಲೆ ದಾಕ್ಷಿಣ್ಯಕ್ಕೆ ಹಾಕಿದ್ರಾ, ನಿಜವಾಗಿ ಚೆನ್ನಾಗಿದೆ ಅಂತ ಹಾಕಿದ್ರಾ ನನಗೆ ಗೊತ್ತಾಗ್ತಿರ್ಲಿಲ್ಲ."

"ಬೇಜಾರಿಲ್ಲ. ಒಂದು ಕೇಳ್ತೀನಿ. ಅಮ್ಮ ಮಲಗಿದ ಹಾಗೆ ಮಾಡ್ತಿದ್ದದ್ದು, ಅದು ನಿಜವಾ, ನೀವು ಸೇರಿಸಿದ್ದಾ?"

ಸಿಸ್ಟರ್ ತಲೆ ತಗ್ಗಿಸಿದಳು. "ನಿಜ."

"ದಿನಾನಾ?"

"ಮೊದಮೊದಲು ನಿಜವಾಗ್ಲೂ ನಿದ್ದೆ ಬರ್ತಿತ್ತು, ಮಾತ್ರೆ ಇತ್ತಲ್ಲ. ಮಾತ್ರೆ ಬದಲಿಸಿದ ಮೇಲೆ ದಿನಾನೂ ಹಾಗೇ. ಭಾನುವಾರ ಬಿಟ್ಟು."

"ಯಾಕೆ ಅಂತ ಕೇಳಿದ್ರಾ ನೀವು?"

"ಕೇಳ್ದೆ. ಒಂದೊಂದು ಸಲ ಒಂದೊಂದು ಹೇಳೋರು. ಪಾಪ, ದಣಿದು ಬಂದಿರ್ತಾಳೆ, ನಾನು ಎದ್ದಿದ್ರೆ ಬಂದು ಕೂರಬೇಕಾಗುತ್ತೆ ಅನ್ನೋರು. ಇನ್ನೊಂದು ಸಲ," ಸಿಸ್ಟರ್ ತಡೆದಳು.

"ಹೇಳಿ."

"ಇನ್ನೊಂದು ಸಲ, ಕೂತು ಏನು ಮಾತಾಡ್ತಾಳೆ, ಊಟ ಆಯ್ತಾ, ಮಾತ್ರೆ ಆಯ್ತಾ, ಅಷ್ಟೇ ತಾನೇ, ಅದಕ್ಕೆ ಹೂಂ ಹೂಂ ಅನ್ನೋಕೆ ನನಗೂ ಸಾಕಾಗಿದೆ ಅಂದ್ರು. ಯಾವುದು ನಿಜ ಅಂತ ನನಗೆ ಗೊತ್ತಾಗ್ಲಿಲ್ಲ. ಅದಕ್ಕೇ ಬರೀಲಿಲ್ಲ."

"ಎರಡೂ ನಿಜ," ಎಂದಳು ಕತ್ತರಿ ಅಕ್ಕ. "ಎರಡನ್ನೂ ಬರೀರಿ."

ಕೆಳಗಿನಿಂದ ಲೆನ್ಸು ಉಜ್ಜುವ ಯಂತ್ರದ ಸದ್ದು ಶುರುವಾಯಿತು. ಅದು ನಿಲ್ಲುವವರೆಗೆ ಅವಳು ಬಾಗಿಲ ಮೇಜಿನ ಮೇಲಿನ ಒಂದು ಮರದ ಗಂಟನ್ನು ಉಗುರಿನಿಂದ ಸವರುತ್ತ ಕೂತಳು. ಆಮೇಲೆ, ಯಾರಿಗೂ ಹೇಳದ್ದನ್ನು, ಹೇಳಬೇಕೆಂದು ಅಂದುಕೊಳ್ಳದೆಯೇ ಹೇಳಿದಳು.

"ಇಲ್ಲಿ ಕೆಲಸ ಆರೂವರೆಗೆ ಮುಗೀತಿತ್ತು ಸಿಸ್ಟರ್. ಮೇಷ್ಟ್ರು ಹೊರಟುಹೋಗೋರು. ಕನ್ನಡಕದಣ್ಣ ಏಳೂವರೆಗೆ ಅಂಗಡಿ ಮುಚ್ಚೋರು. ಅಲ್ಲೀವರೆಗೂ ನಾನು ಓದಿದ್ದನ್ನೇ ಓದ್ತಾ ಕೂತಿರ್ತಿದ್ದೆ. ಆಮೇಲೆ ಬಸ್ ಸ್ಟಾಪಿಗೆ ಹೋಗಿ ಕೂರ್ತಿದ್ದೆ. ಮನೆ ಕಡೆ ಬಸ್ಸು ಹತ್ತು ನಿಮಿಷಕ್ಕೊಂದು. ಮೂರು ಬಿಡ್ತಿದ್ದೆ. ಎಂಟೂವರೆಗೆ ಹೋದ್ರೆ ಅಮ್ಮ ಮಲಗಿರ್ತಾರೆ ಅಂತ ಗೊತ್ತಿತ್ತಲ್ಲ."

ಸಿಸ್ಟರ್ ಅವಳನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಆದರೆ ನೀರಿನ ಹಿಂದೆ ಇನ್ನೇನೋ ಮಿಣುಕಿತು. ಅದನ್ನು ಕತ್ತರಿ ಅಕ್ಕ ಹನ್ನೊಂದು ವರ್ಷದಲ್ಲಿ ಎಷ್ಟೋ ಬರೆಯುವವರ ಮುಖದಲ್ಲಿ ಕಂಡಿದ್ದಳು.

"ಮೇಡಂ," ಎಂದಳು ಸಿಸ್ಟರ್, ಬಹಳ ಮೆಲ್ಲಗೆ. "ಇದನ್ನ ಕಥೆಗೆ ಸೇರಿಸ್ಲಾ?"

ಕೇಳಿದ ಕೂಡಲೇ ಅವಳಿಗೇ ನಾಚಿಕೆಯಾಯಿತು. ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ತಪ್ಪು ತಿಳ್ಕೋಬೇಡಿ."

"ಸೇರಿಸಿ," ಎಂದಳು ಕತ್ತರಿ ಅಕ್ಕ. "ಅಳು ತೆಗೆದು ಅದನ್ನ ಹಾಕಿ. ಅರ್ಧ ಪುಟ ಉಳಿಯುತ್ತೆ."

ಮೇಷ್ಟ್ರು ಚಹಾದ ಜೊತೆ ಬಂದರು. ಮೂವರೂ ಕುಡಿದರು. ಸಿಸ್ಟರ್ ಗಡಿಯಾರ ನೋಡಿ ಹೊರಟಳು. ಮೆಟ್ಟಿಲ ತುದಿಯವರೆಗೆ ಹೋದವಳನ್ನು ಕತ್ತರಿ ಅಕ್ಕ ಹಿಂದಿನಿಂದ ಕರೆದಳು, ಸಿಸ್ಟರ್ ಎಂದಲ್ಲ, ಹಾಳೆಯ ಮೇಲಿದ್ದ ಹೆಸರಿನಿಂದ. ಅವಳು ತಿರುಗಿ ನೋಡಿದಳು. "ಮುಂದಿನ ಶುಕ್ರವಾರದ ಒಳಗೆ ಕಳಿಸಿ," ಎಂದಳು ಇವಳು.

ಹೊಸ ಕೊನೆ ಬುಧವಾರವೇ ಬಂತು. ಸಿಸ್ಟರ್ ಕಥೆಯಲ್ಲಿ ಪತ್ರಿಕೆಯ ಕೋಣೆಯನ್ನು ಬ್ಯಾಂಕು ಮಾಡಿದ್ದಳು. ಉಳಿದದ್ದು ಹಾಗೇ. ಮಗಳು ಬಸ್ ಸ್ಟಾಪಿನ ಕಲ್ಲು ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಮನೆಯಲ್ಲಿ ಮುದುಕಿ ಇನ್ನೂ ಮಾತಾಡುತ್ತಿದ್ದಾಳೆ, ಗಂಟೆ ಎಷ್ಟಾಯ್ತೆಂದು ದಾದಿಯನ್ನು ಕೇಳುತ್ತಿದ್ದಾಳೆ. ಮೊದಲನೇ ಬಸ್ಸು ಬರುತ್ತದೆ, ಹೋಗುತ್ತದೆ. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಮಗಳು ಹತ್ತುತ್ತಾಳೆ. ಅಷ್ಟೇ ಕಥೆ. ಸಾವು ಇರಲೇ ಇಲ್ಲ. ಅದನ್ನು ಸಿಸ್ಟರ್ ತಾನೇ ತೆಗೆದುಬಿಟ್ಟಿದ್ದಳು. ಕತ್ತರಿ ಅಕ್ಕ ಎರಡು ಸಲ ಓದಿದಳು. ಒಂದು ಅಲ್ಪವಿರಾಮ ಹೊಡೆದಳು. ಬೇರೆ ಕೆಲಸವಿರಲಿಲ್ಲ.

ಮೇಷ್ಟ್ರು ಓದಿ ಹಾಳೆಗಳ ಅಂಚು ಸರಿಮಾಡಿದರು. ಅವರು ತೀರಾ ಪೆದ್ದರಲ್ಲ. ಹನ್ನೊಂದು ತಿಂಗಳು, ತಾವು ಆರೂವರೆಗೆ ಚೀಲ ಹೆಗಲಿಗೇರಿಸಿ ಹೊರಡುವಾಗ ಇವಳು ತಲೆಯೆತ್ತದೆ "ನೀವು ಹೊರಡಿ ಮೇಷ್ಟ್ರೇ, ಇದೊಂದು ನೋಡಿ ಬರ್ತೀನಿ" ಎನ್ನುತ್ತಿದ್ದದ್ದು ಅವರಿಗೂ ನೆನಪಿತ್ತು. ಪತ್ರಿಕೆಯ ಮೇಲೆ ಎಂಥ ನಿಷ್ಠೆ ಎಂದು ಹೆಂಡತಿಯ ಮುಂದೆ ಹೊಗಳಿದ್ದರು.

"ನಿನ್ನನ್ನ ಒಂದು ಮಾತು ಕೇಳ್ಲಾ ತಾಯಿ?"

"ಕೇಳ್ಬೇಡಿ ಮೇಷ್ಟ್ರೇ."

"ಸರಿ," ಎಂದು ಕಥೆಯನ್ನು "ಹೌದು" ತಟ್ಟೆಗೆ ಹಾಕಿದರು. ಕನ್ನಡಕದಣ್ಣ ಅಂದು ಏನೂ ತಮಾಷೆ ಮಾಡಲಿಲ್ಲ. ಸಂಜೆ ಅವಳು ಎದ್ದಾಗ, ಕೆಳಗಿನ ಬಾಗಿಲವರೆಗೆ ಬಂದು ಕೊಡೆ ಕೊಟ್ಟರು. ಮಳೆಯೇನೂ ಇರಲಿಲ್ಲ. ಅವಳೂ ಬೇಡವೆನ್ನದೆ ತೆಗೆದುಕೊಂಡಳು.

ಸಂಚಿಕೆ ಎರಡು ತಿಂಗಳಿಗೆ ಹೊರಬಂತು. ಸಿಸ್ಟರ್ ತನ್ನ ಐದು ಪ್ರತಿಗಳನ್ನು ಒಯ್ಯಲು ಗಂಡನ ಜೊತೆ ಬಂದಳು. ಗಂಡ ಹೆಂಡತಿಯ ಹೆಸರು ಅಚ್ಚಾದ ಪುಟವನ್ನು ಬೆಳಕಿಗೆ ಹಿಡಿದು ನೋಡಿದ, ನಿಜವೋ ಎಂದು ಪರೀಕ್ಷೆ ಮಾಡುವವನಂತೆ. ಓದುಗರಿಂದ ಒಂಬತ್ತು ಕಾಗದ ಬಂದವು. ಅಷ್ಟು ಪತ್ರಿಕೆಗೆ ಇಡೀ ವರ್ಷದಲ್ಲೂ ಬರುವುದಿಲ್ಲ. ಒಬ್ಬರು ಮಗಳನ್ನು ಬೈದಿದ್ದರು, ಇಬ್ಬರು ತಾಯಿಯನ್ನು. ಒಬ್ಬರು ಬರೀ "ನಾನು ಎರಡು ಬಸ್ಸು ಬಿಡುತ್ತಿದ್ದೆ" ಎಂದು ಬರೆದು, ಹೆಸರು ಹಾಕಿರಲಿಲ್ಲ. ಕತ್ತರಿ ಅಕ್ಕ ಅದನ್ನೂ ಉಳಿದವುಗಳ ಜೊತೆ ಫೈಲಿಗೆ ಸೇರಿಸಿದಳು. ಸಿಸ್ಟರ್ ಎರಡನೇ ಕಥೆ ಕಳಿಸಿದಳು, ಒಬ್ಬ ನಿವೃತ್ತ ನ್ಯಾಯಾಧೀಶರ ಮೇಲೆ. ಅದು ಚೆನ್ನಾಗಿರಲಿಲ್ಲ. ಯಾಕೆ ಚೆನ್ನಾಗಿಲ್ಲವೆಂದು ಇವಳು ನಾಲ್ಕು ಪುಟ ಬರೆದು ವಾಪಸ್ ಕಳಿಸಿದಳು. ಸಿಸ್ಟರ್ ಸಿಟ್ಟಾಗಲಿಲ್ಲ, ತಿದ್ದುತ್ತಿದ್ದೇನೆಂದು ಮೆಸೇಜು ಹಾಕಿದಳು.

ಈಗ ಅವಳು ಆರೂವರೆಗೇ ಹೊರಡುತ್ತಾಳೆ. ಮೊದಲು ಬಂದ ಬಸ್ಸು ಹತ್ತುತ್ತಾಳೆ. ಮನೆಗೆ ಬೇಗ ಹೋಗಿ ಮಾಡುವುದೇನೂ ಇಲ್ಲ, ಕಾಯುವುದಕ್ಕೂ ಕಾರಣವಿಲ್ಲ.

ಒಂದು ಸಂಜೆ ಏಳು ಗಂಟೆಗೆ, ಬೀಗ ತೆಗೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ತಮ್ಮ. ಪತ್ರಿಕೆ ಅವನಿಗೂ ಹೋಗುತ್ತದೆ. ಹನ್ನೊಂದು ವರ್ಷದಲ್ಲಿ ಅವನು ಓದಿದ್ದು ಇದೇ ಮೊದಲಿರಬೇಕು.

"ಅಕ್ಕ, ಒಂದು ಕಥೆ ಓದ್ದೆ. ಆ ನಿದ್ದೆ ಮಾಡೋ ಅಜ್ಜಿದು," ಎಂದ. "ಏನ್ ಚೆನ್ನಾಗಿದೆ ಮಾರಾಯ್ತಿ! ಆ ಮುದುಕಿ ಥೇಟ್ ನಮ್ಮಮ್ಮನ ಥರಾನೇ. ಅಂಚು ಹಿಡಿದು ನೋಡೋದು, ಬಟ್ಟೆ ದಂಡ ಅನ್ನೋದು. ಓದ್ತಾ ಓದ್ತಾ ನಗು ಬಂತು, ಅಳು ಬಂತು. ಆದ್ರೆ ಆ ಮಗಳು ಎಂಥ ಹೆಂಗಸು ಅಕ್ಕ! ಕಲ್ಲು. ಹೆತ್ತ ತಾಯಿ ಮನೇಲಿ ಬಿದ್ದಿದ್ರೆ ಬಸ್ಸು ಬಿಡ್ತಾ ಕೂರ್ತಾಳಂತೆ. ಇಂಥವರೂ ಇರ್ತಾರಾ?"

"ಹೂಂ," ಎಂದಳು. ಬಾಗಿಲು ತೆಗೆದು, ದೀಪ ಹಾಕಿ, ಚೀಲವನ್ನು ಕುರ್ಚಿಯ ಮೇಲಿಟ್ಟಳು.

"ಯಾರು ಬರೆದಿದ್ದು ಇದನ್ನ? ನಮ್ಮಮ್ಮನ ಮಾತು ಅವರಿಗೆ ಹ್ಯಾಗೆ..."

ಮಾತು ಅಲ್ಲಿಗೇ ನಿಂತಿತು. ಫೋನಿನಲ್ಲಿ ಅವನ ಮನೆಯ ಟಿವಿಯ ಸದ್ದು ಕೇಳಿಸುತ್ತಿತ್ತು, ಯಾವುದೋ ಮಗು ನೀರು ಕೇಳುತ್ತಿದ್ದದ್ದು ಕೇಳಿಸುತ್ತಿತ್ತು. ತಮ್ಮನ ಉಸಿರು ಕೇಳಿಸುತ್ತಿತ್ತು. ಅವಳು ಕಾದಳು. ಬೈದರೆ ಬೈಯಲಿ ಎಂದುಕೊಂಡಳು. ಅದಕ್ಕೂ ಒಳಗೆ ಏನೂ ಅಲುಗಲಿಲ್ಲ.

"ಅಕ್ಕ," ಎಂದ, ಬಹಳ ಹೊತ್ತಿನ ಮೇಲೆ.

"ಹೂಂ."

"ಅಕ್ಕ, ಊಟ ಆಯ್ತಾ?"

"ಇನ್ನೂ ಇಲ್ಲ. ಈಗ ಬಂದೆ."

"ಮಾಡು. ನಾನು ಲೈನಲ್ಲೇ ಇರ್ತೀನಿ."

ಅವಳು ಫೋನನ್ನು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಬೆಳಗ್ಗೆ ಮಾಡಿಟ್ಟದ್ದನ್ನು ಬಿಸಿಮಾಡಿ, ತಟ್ಟೆಗೆ ಹಾಕಿಕೊಂಡು, ಅಲ್ಲೇ ನಿಂತು ಉಂಡಳು. ನಡುವೆ ಒಮ್ಮೆ ಅವನು ಮಗುವಿಗೆ "ಶ್, ಅತ್ತೆ ಊಟ ಮಾಡ್ತಿದ್ದಾರೆ" ಎಂದದ್ದು ಕೇಳಿಸಿತು. ಅವಳು ತಟ್ಟೆ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು ಫೋನೆತ್ತಿಕೊಂಡಳು.

"ಆಯ್ತು," ಎಂದಳು.

"ಆಯ್ತಾ? ಸರಿ, ಇಡ್ಲಾ?"

"ಇಡು."